ಕಲ್ಲಿನ ಮೇಲಿನ ದತ್ತಾಂಶ: ದಕ್ಷಿಣ ಬೆಂಗಳೂರಿನ ಶಾಸನಗಳು ಮತ್ತು ಅವುಗಳನ್ನು ಓದುವ ವಿದ್ಯೆ

ದಕ್ಷಿಣ ಬೆಂಗಳೂರಿನ ಬಡಾವಣೆಗಳು ಹೊಸವು, ಅವು ತಲೆಯೆತ್ತಿದ ನೆಲ ಹಳೆಯದು. ಜಯನಗರಕ್ಕೆ 1948ರಲ್ಲಿ, ಸಿ. ರಾಜಗೋಪಾಲಾಚಾರಿ ಅವರು ಗವರ್ನರ್ ಜನರಲ್ ಆಗಿದ್ದಾಗ, ಅಡಿಗಲ್ಲು ಬಿತ್ತು. ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳು ಅದರ ನಂತರದವು. ಬಿಟಿಎಂ ಎಂಬ ಮೂರು ಅಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆ. ಜೆ.ಪಿ. ನಗರದ ಸುತ್ತ ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿಗಳಿವೆ. ಬನಶಂಕರಿಯ ಮಗ್ಗುಲಲ್ಲಿ ಕತ್ತರಿಗುಪ್ಪೆಯಿದೆ. ಈ ಹಳ್ಳಿಗಳ ಕೆರೆ, ಗದ್ದೆ, ತೆರಿಗೆ, ದಾನ, ಯುದ್ಧಗಳ ವಿವರ ಬಹುಮಟ್ಟಿಗೆ ಉಳಿದಿರುವುದು ಕಲ್ಲಿನ ಮೇಲೆ. ಕಾಗದವಿಲ್ಲದ ಕಾಲದಲ್ಲಿ ಯಾರೋ ಒಬ್ಬರು ಮುಂದಿನವರಿಗೆ ತಿಳಿದಿರಲಿ ಎಂದು ಬರೆಸಿಟ್ಟ ಈ ವಿವರಗಳು ಇಂದಿನ ಮಾತಿನಲ್ಲಿ ಹೇಳುವುದಾದರೆ ದತ್ತಾಂಶವೇ. ಅದನ್ನು ಹುಡುಕಿ, ಓದಿ, ಪಟ್ಟಿ ಮಾಡಿ, ಅರ್ಥಮಾಡಿಕೊಳ್ಳುವ ವಿದ್ಯೆ ಕರ್ನಾಟಕದಲ್ಲಿ ನೂರೈವತ್ತು ವರ್ಷಗಳಿಂದ ಬೆಳೆದುಬಂದಿದೆ. ಅಂಕಿ ಅಂಶಗಳನ್ನು ಇತಿಹಾಸ, ಭಾಷೆ, ಸಾಹಿತ್ಯಗಳ ಬಲದಿಂದ ಓದುವುದು ಹೇಗೆಂದು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೆಂಗಳೂರಿನ ವಿದ್ಯಾರ್ಥಿಗೆ ಸಿಗುವುದು ಕಷ್ಟ.

ಗಂಗರ ಕಾಲದ ಬೇಗೂರು

ಬಿಟಿಎಂ ಬಡಾವಣೆಯಿಂದ ದಕ್ಷಿಣಕ್ಕೆ, ಹೊಸೂರು ರಸ್ತೆ ಮತ್ತು ಬನ್ನೇರುಘಟ್ಟ ರಸ್ತೆಗಳ ನಡುವೆ ಬೇಗೂರು ಇದೆ. ಗಂಗರ ಆಳ್ವಿಕೆಯಲ್ಲಿ ಇದು ಬೆಂಪೂರು ಎಂಬ ಹೆಸರಿನ ಆಡಳಿತ ಕೇಂದ್ರ. ಇಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಒಂದು ಕಲ್ಲಿನ ಮೇಲೆ ಬೆಂಗಳೂರಿನ ಕಾಳಗವೊಂದರ ಉಲ್ಲೇಖವಿದೆ. ನಾಗತ್ತರ ಎಂಬ ಅಧಿಕಾರಿಯ ಮನೆಗೆ ಸೇರಿದವರು ಆ ಕಾಳಗದಲ್ಲಿ ಸತ್ತರೆಂದು ಅದು ತಿಳಿಸುತ್ತದೆ. ಆರ್. ನರಸಿಂಹಾಚಾರ್ಯರು ಪ್ರಕಟಿಸಿದ ಈ ಶಾಸನವನ್ನು ವಿದ್ವಾಂಸರು ಸುಮಾರು ಕ್ರಿ.ಶ. 890ಕ್ಕೆ ಸೇರಿಸುತ್ತಾರೆ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಹೆಸರು ಬಂತು ಎಂಬ ಕಥೆಗಿಂತ ಇದು ಸುಮಾರು ಮೂರು ಶತಮಾನ ಹಿಂದಿನದು. ಹಾಗೆಂದು ಕಥೆಯನ್ನು ಬಿಸಾಡಬೇಕಿಲ್ಲ. ಊರಿನ ಹೆಸರಿನ ಹಳಮೆಗೆ ಕಲ್ಲು ಸಾಕ್ಷಿ. ಜನ ತಮ್ಮ ಊರನ್ನು ಹೇಗೆ ನೆನೆದರು ಎಂಬುದಕ್ಕೆ ಕಥೆ ಸಾಕ್ಷಿ. ಯಾವ ಸಾಕ್ಷಿಯನ್ನು ಯಾವ ಪ್ರಶ್ನೆಗೆ ಕರೆಯಬೇಕೆಂದು ತಿಳಿಯುವುದೇ ಮೊದಲ ಪಾಠ.

ಬೇಗೂರಿನ ಇನ್ನೊಂದು ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನು ತನ್ನ ಸೇನೆಯೊಂದಿಗೆ ನಾಗತ್ತರನನ್ನು ಅಯ್ಯಪದೇವನ ನೆರವಿಗೆ ಕಳುಹಿಸಿದ್ದು, ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಕಾದಾಡಿ ನಾಗತ್ತರ ಮಡಿದದ್ದು, ಆಮೇಲೆ ಎರೆಯಪ್ಪನು ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ ಬೆಂಪೂರು-12ನ್ನು ಕಲ್ನಾಡಾಗಿ, ಅಂದರೆ ದತ್ತಿಯಾಗಿ, ಕೊಟ್ಟದ್ದು ಅದರ ವಿಷಯ. ಕೊಟ್ಟ ಹಳ್ಳಿಗಳ ಹೆಸರುಗಳೂ ಅದರಲ್ಲಿವೆ. ಬರಹದ ಜೊತೆಗೆ ಆನೆ, ಕುದುರೆ, ಕಾಲಾಳುಗಳ ಯುದ್ಧವನ್ನು ಶಿಲ್ಪಿ ಕಡೆದು ತೋರಿಸಿದ್ದಾನೆ. ಜೆ.ಎಫ್. ಫ್ಲೀಟ್ ಇದನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದರು. ಕಲ್ಲಿನಲ್ಲಿ ವರ್ಷದ ಉಲ್ಲೇಖವಿಲ್ಲದ ಕಾರಣ ಇದನ್ನು 9ನೇ ಶತಮಾನದ ಕೊನೆಗೆ ಇಡುವವರೂ ಇದ್ದಾರೆ, 10ನೇ ಶತಮಾನದ ಆರಂಭಕ್ಕೆ ಇಡುವವರೂ ಇದ್ದಾರೆ.

ಬೇಗೂರಿಗೆ ಈಶಾನ್ಯದಲ್ಲಿರುವ ಅಗರದ ಶಾಸನ ಯುದ್ಧದ್ದಲ್ಲ, ನೀರಿನದು. ಕ್ರಿ.ಶ. 870ರ ಸುಮಾರಿನ ಈ ಬರಹದ ಪ್ರಕಾರ ಇರುಗಮಯ್ಯ ಎಂಬವನು ಎರಡು ಕೆರೆಗಳಿಗೆ ತೂಬು ಇಡಿಸಿ, ಮತ್ತೊಂದು ಕೆರೆಯನ್ನು ಕಟ್ಟಿಸಿ, ಮೂರು ಕೆರೆಗಳ ಬಿತ್ತುವಟ್ಟವನ್ನು ಪಡೆದ. ಕೆರೆ ಕಟ್ಟಿಸಿದವನಿಗೆ ಅದರ ಕೆಳಗಿನ ನೆಲದಲ್ಲಿ ಪಾಲು ಕೊಡುವ ಪದ್ಧತಿಗೆ ಬಿತ್ತುವಟ್ಟ ಎಂದು ಹೆಸರು. ಕೆಲವೇ ಸಾಲುಗಳಲ್ಲಿ ಒಂದು ಕಾಮಗಾರಿಯ ವಿವರ, ಅದನ್ನು ಮಾಡಿಸಿದವನ ಹೆಸರು, ಅವನಿಗೆ ಸಂದ ಪ್ರತಿಫಲ ಮೂರೂ ಸಿಗುತ್ತವೆ. ಅಗರ, ಬೇಗೂರು, ಮಡಿವಾಳದ ಕೆರೆಗಳ ಬಗ್ಗೆ ಇಂದು ಮಾತಾಡುವವರು ಈ ನಾಡಿನಲ್ಲಿ ಕೆರೆಗಳು ತಾವಾಗಿ ಹುಟ್ಟಿದವಲ್ಲ, ಜನ ಲೆಕ್ಕ ಹಾಕಿ ಕಟ್ಟಿಕೊಂಡವು ಎಂಬುದನ್ನು ಇಲ್ಲಿಂದ ತಿಳಿಯಬಹುದು.

ಮಡಿವಾಳದ ಗೋಡೆ

ಮಡಿವಾಳದ ಸೋಮೇಶ್ವರ ದೇವಾಲಯದ ಹೊರಗೋಡೆಗಳ ಮೇಲಿನ ಶಾಸನಗಳು ತಮಿಳು ಭಾಷೆಯವು. ತಮಿಳು ಮತ್ತು ಗ್ರಂಥ ಲಿಪಿಗಳಲ್ಲಿವೆ. ಅವುಗಳಲ್ಲಿ ಕ್ರಿ.ಶ. 1247ರ ಒಂದು ಶಾಸನ, ವೆಪ್ಪೂರಿನ ಅಂದರೆ ಬೇಗೂರಿನ ನಿವಾಸಿಯೊಬ್ಬನು ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ದಾನ ಕೊಟ್ಟದ್ದನ್ನು ಹೇಳುತ್ತದೆ. ಬೇಗೂರಿನ ಕಲ್ಲು ಹಳಗನ್ನಡದಲ್ಲಿ ಹೇಳಿದ ಊರನ್ನು ಮಡಿವಾಳದ ಗೋಡೆ ತಮಿಳಿನಲ್ಲಿ ಹೇಳುತ್ತದೆ.

ಇಲ್ಲಿ ಅವಸರದ ತೀರ್ಮಾನಕ್ಕೆ ದಾರಿ ಇದೆ. ಶಾಸನ ತಮಿಳಿನಲ್ಲಿದೆ, ಆದ್ದರಿಂದ ಊರಿನವರೆಲ್ಲ ತಮಿಳು ಮಾತಾಡುತ್ತಿದ್ದರು ಎಂದು ಒಬ್ಬರು ಹೇಳಿಯಾರು. ಇದು ಕನ್ನಡ ನಾಡು, ಆದ್ದರಿಂದ ಈ ಶಾಸನಕ್ಕೆ ಬೆಲೆಯಿಲ್ಲ ಎಂದು ಇನ್ನೊಬ್ಬರು ಹೇಳಿಯಾರು. ಎರಡೂ ತಪ್ಪು. 11ನೇ ಶತಮಾನದ ಆರಂಭದಲ್ಲಿ ಗಂಗವಾಡಿ ಚೋಳರ ಕೈಸೇರಿತು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಗೆದ್ದ ಮೇಲೂ ಈ ಭಾಗದ ದೇವಾಲಯಗಳಲ್ಲಿ ತಮಿಳಿನಲ್ಲಿ ಬರೆಸುವ ರೂಢಿ ಮುಂದುವರಿಯಿತು. ದಾಖಲೆಯ ಭಾಷೆ ಬರೆಸಿದವರ, ಬರೆದವರ, ದೇವಾಲಯದ ಆಡಳಿತದವರ ಭಾಷೆ. ಅದೇ ಮನೆಮನೆಯ ಭಾಷೆಯಾಗಿರಬೇಕೆಂದಿಲ್ಲ. ಕಾಲದ ರಾಜಕೀಯ ಇತಿಹಾಸ ತಿಳಿಯದೆ ಬರಿಯ ಎಣಿಕೆ ಮಾಡಿದರೆ ಎಣಿಕೆ ಸರಿಯಾಗಿದ್ದರೂ ತೀರ್ಮಾನ ತಪ್ಪುತ್ತದೆ.

ಶಾಲಾ ತನಿಖೆಯಿಂದ ಶಾಸನ ಸಂಪುಟಕ್ಕೆ

ಈ ಕಲ್ಲುಗಳು ಚದುರಿದ ಸ್ಥಿತಿಯಿಂದ ಕ್ರಮಬದ್ಧ ಸಂಗ್ರಹಕ್ಕೆ ಬಂದದ್ದು ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿಯ ದುಡಿಮೆಯಿಂದ. ಬೆಂಜಮಿನ್ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ರೈಸ್ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು, ಮುಂದೆ ಮೈಸೂರು ಮತ್ತು ಕೊಡಗಿನ ಸಾರ್ವಜನಿಕ ಶಿಕ್ಷಣದ ನಿರ್ದೇಶಕರಾದರು. ಶಾಲೆಗಳ ತನಿಖೆಗೆಂದು ಹಳ್ಳಿಹಳ್ಳಿ ಸುತ್ತುವಾಗ ಅವರ ಗಮನ ಕಲ್ಲುಬರಹಗಳತ್ತ ಹರಿಯಿತು. 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಸಂಕಲನ ಹೊರತಂದರು. ಅದೇ ದಶಕದಲ್ಲಿ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರ್ ಬರೆದರು. 1881ರ ಮೈಸೂರು ಜನಗಣತಿಯ ಹೊಣೆಯೂ ಅವರದಾಗಿತ್ತು. ಜನರನ್ನು ಎಣಿಸಿದ ಕೈ ಮತ್ತು ಶಾಸನಗಳನ್ನು ಸಂಗ್ರಹಿಸಿದ ಕೈ ಒಂದೇ ಎಂಬುದು ಗಮನಿಸಬೇಕಾದ ಸಂಗತಿ.

ಮುಂದೆ ಮೈಸೂರಿನ ಪುರಾತತ್ವ ಇಲಾಖೆಯ ನಿರ್ದೇಶಕರಾಗಿ ರೈಸ್ 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳನ್ನು ಪ್ರಕಟಿಸಿದರು. ಅವುಗಳಲ್ಲಿರುವ ಶಾಸನಗಳು ಸುಮಾರು 9,000. ಬೆಂಗಳೂರು ಜಿಲ್ಲೆಗೆ ಮೀಸಲಾದ 9ನೇ ಸಂಪುಟ ಬಂದದ್ದು 1905ರಲ್ಲಿ. ಸಂಪುಟಗಳ ರಚನೆಯೇ ಒಂದು ಪಾಠ. ಶಾಸನಗಳನ್ನು ಜಿಲ್ಲೆ, ತಾಲ್ಲೂಕುಗಳ ಪ್ರಕಾರ ವಿಂಗಡಿಸಿ, ಪ್ರತಿ ಶಾಸನಕ್ಕೂ ತಾಲ್ಲೂಕಿನ ಸಂಕೇತದೊಡನೆ ಒಂದು ಸಂಖ್ಯೆ ಕೊಡಲಾಗಿದೆ. ಸಿಕ್ಕಿದ ಸ್ಥಳ, ಮೂಲ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ, ಕಾಲ, ರಾಜವಂಶ ಇವೆಲ್ಲ ಪ್ರತ್ಯೇಕವಾಗಿ ನಿಲ್ಲುತ್ತವೆ. ಓದಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರೆ ಮಾಡಿ ನೋಡಲು ಮೂಲ ಪಾಠ ಓದುಗನ ಕೈಯಲ್ಲೇ ಇರುತ್ತದೆ. ಇಟಲಿಯ ಪಾದ್ರಿ ರೊಬೆರ್ಟೊ ಬುಸಾ ಥಾಮಸ್ ಅಕ್ವೈನಸ್‌ನ ಬರಹಗಳ ಪದಸೂಚಿಯನ್ನು ಐಬಿಎಂ ಯಂತ್ರಗಳ ನೆರವಿನಿಂದ ಸಿದ್ಧಪಡಿಸಲು ಹೊರಟದ್ದು 1949ರಲ್ಲಿ. ಯಂತ್ರವಿಲ್ಲದೆ ಅದೇ ಶಿಸ್ತಿನ ಸಂಗ್ರಹ ಬೆಂಗಳೂರಿನಲ್ಲಿ ಅದಕ್ಕೆ ನಾಲ್ಕು ದಶಕ ಮೊದಲೇ ಮುಗಿದಿತ್ತು.

ರೈಸ್ ಒಬ್ಬರೇ ಇದನ್ನು ಮಾಡಲಿಲ್ಲ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುವವರು, ಸವೆದ ಅಕ್ಷರಗಳನ್ನು ಓದುವ ಪಂಡಿತರು ಇಲಾಖೆಯ ಬೆನ್ನೆಲುಬಾಗಿದ್ದರು. 1899ರಲ್ಲಿ ರೈಸ್ ಅವರ ಸಹಾಯಕರಾಗಿ ಸೇರಿದ ಆರ್. ನರಸಿಂಹಾಚಾರ್ಯರು 1906ರಲ್ಲಿ ಅವರ ಸ್ಥಾನಕ್ಕೆ ಬಂದು 1922ರವರೆಗೆ ಇಲಾಖೆಯನ್ನು ನಡೆಸಿದರು. ಕನ್ನಡ ಕವಿಗಳ ಕಾಲ, ಕೃತಿ, ಆಶ್ರಯದಾತರನ್ನು ಶಾಸನ ಮತ್ತು ಹಸ್ತಪ್ರತಿಗಳಿಂದ ಹೆಕ್ಕಿ ಮೂರು ಸಂಪುಟಗಳ ‘ಕರ್ಣಾಟಕ ಕವಿಚರಿತೆ’ಯನ್ನು ಸಿದ್ಧಪಡಿಸಿದವರೂ ಅವರೇ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದಿತು.

ಪಟ್ಟಿಯಿಂದ ಸಂಸ್ಕೃತಿಯ ಅಧ್ಯಯನಕ್ಕೆ

ಮೊದಲ ತಲೆಮಾರಿನ ವಿದ್ವಾಂಸರಿಗೆ ಶಾಸನವೆಂದರೆ ರಾಜರ ಹೆಸರು ಮತ್ತು ಕಾಲ ತಿಳಿಸುವ ಸಾಧನ. ಅದೇ ಸಂಗ್ರಹಕ್ಕೆ ಬೇರೆ ಪ್ರಶ್ನೆಗಳನ್ನು ಕೇಳಬಹುದೆಂದು ತೋರಿಸಿದವರು ಎಂ. ಚಿದಾನಂದಮೂರ್ತಿ. 1966ರಲ್ಲಿ ಪ್ರಕಟವಾದ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಧರ್ಮ, ವಿದ್ಯಾಭ್ಯಾಸ, ಆಡಳಿತ, ವೀರಜೀವನ, ಸಾಮಾನ್ಯರ ಬದುಕು ಇವುಗಳ ದೃಷ್ಟಿಯಿಂದ ಓದಿತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅವರು ಕನ್ನಡ ಪ್ರಾಧ್ಯಾಪಕರಾಗಿದ್ದ ಕಾಲದಲ್ಲಿ ಶಾಸನದ ಓದು ಸಾಹಿತ್ಯದ ವಿದ್ಯಾರ್ಥಿಗಳ ಕಲಿಕೆಯ ಭಾಗವಾಯಿತು. ಆರ್. ಶೇಷಶಾಸ್ತ್ರಿ ವೀರಗಲ್ಲುಗಳನ್ನೇ ವಿಷಯವಾಗಿಸಿಕೊಂಡು ‘ಕರ್ನಾಟಕದ ವೀರಗಲ್ಲುಗಳು’ ಬರೆದರು. ಒಂದೊಂದು ಕಲ್ಲನ್ನು ಬಿಡಿಯಾಗಿ ನೋಡಿದಾಗ ಕಾಣುವುದು ಒಬ್ಬನ ಸಾವು; ನೂರಾರು ಕಲ್ಲುಗಳನ್ನು ಒಟ್ಟಿಗೆ ನೋಡಿದಾಗ ದನಗಳ ಕಳವು, ಗಡಿಜಗಳ, ಊರಳಿವುಗಳ ಒಂದು ಸಮಾಜ ಕಾಣುತ್ತದೆ.

ಕಲ್ಲು ಕಲಿಸುವ ಎಚ್ಚರಗಳು

ಈ ಪರಂಪರೆಯಲ್ಲಿ ತಯಾರಾದ ಓದುಗ ಕೆಲವು ಎಚ್ಚರಗಳನ್ನು ತಾನಾಗಿ ರೂಢಿಸಿಕೊಳ್ಳುತ್ತಾನೆ. ಮೊದಲನೆಯದು ಕಾಲದ ಎಚ್ಚರ. ಶಕವರ್ಷ ಕೊಟ್ಟಿರುವ ಶಾಸನಕ್ಕೆ 78 ಸೇರಿಸಿದರೆ ಕ್ರಿ.ಶ. ವರ್ಷ ಸಿಗುತ್ತದೆ, ತಿಥಿ, ವಾರ, ಸಂವತ್ಸರಗಳಿದ್ದರೆ ಅದನ್ನು ಪಂಚಾಂಗದಿಂದ ತಾಳೆ ನೋಡಬಹುದು. ವರ್ಷವಿಲ್ಲದ ಶಾಸನವನ್ನು ಅಕ್ಷರಗಳ ರೂಪ ನೋಡಿ ಅಂದಾಜಿಸಬೇಕು. ಬೇಗೂರಿನ 890ಕ್ಕೂ ಮಡಿವಾಳದ 1247ಕ್ಕೂ ಈ ವ್ಯತ್ಯಾಸವಿದೆ. ಒಂದೇ ಕೋಷ್ಟಕದಲ್ಲಿ ಎರಡನ್ನೂ ಅಂಕಿಯಾಗಿ ತುಂಬಿ ‘ಸುಮಾರು’ ಎಂಬ ಮಾತನ್ನು ಬಿಟ್ಟರೆ ಅಂದಾಜು ನಿಶ್ಚಯದ ವೇಷ ತೊಡುತ್ತದೆ.

ಎರಡನೆಯದು ಸಂಖ್ಯೆಯ ಎಚ್ಚರ. ಬೆಂಪೂರು-12 ಎಂಬಲ್ಲಿನ 12 ಹಳ್ಳಿಗಳ ಗುಂಪನ್ನು ಸೂಚಿಸುವ ಆಡಳಿತದ ಗುರುತು. ಉತ್ತರ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಮತ್ತೆ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಪೆರ್ಬೊಳಲ್ನಾಡು-30ನ್ನು ಹೆಸರಿಸುತ್ತದೆ. ಇಂಥ ಸಂಖ್ಯೆಗಳು ಒಮ್ಮೆ ನೆಲೆನಿಂತ ಮೇಲೆ ಹಳ್ಳಿಗಳು ಹೆಚ್ಚಿದರೂ ಕಡಿಮೆಯಾದರೂ ಹೆಸರಿನ ಭಾಗವಾಗಿ ಉಳಿಯಬಲ್ಲವು. ಅಂಕಿ ಕಂಡಲ್ಲೆಲ್ಲ ಎಣಿಕೆ ನಡೆದಿದೆ ಎಂದು ತಿಳಿಯುವಂತಿಲ್ಲ.

ಮೂರನೆಯದು ಹೆಸರಿನ ಎಚ್ಚರ. ಅಗರದ ಕೆರೆ ಕಟ್ಟಿಸಿದವನು ಇರುಗಮಯ್ಯ, ಬೇಗೂರಿನ ಪಟ್ಟ ಪಡೆದವನು ಇರುಗ. ಹತ್ತಿರದ ಊರು, ಹೋಲುವ ಹೆಸರು. ಅಷ್ಟರಿಂದಲೇ ಇಬ್ಬರೂ ಒಬ್ಬನೇ ಎನ್ನಲಾಗದು. ತಂದೆಯ ಹೆಸರು, ಬಿರುದು, ಕಾಲ, ಒಡೆಯ ಇವೆಲ್ಲ ಕೂಡಿಬರಬೇಕು. ಇಂದು ಮತದಾರರ ಪಟ್ಟಿ, ಪಡಿತರ ಚೀಟಿ, ಆಸ್ತಿ ದಾಖಲೆಗಳನ್ನು ಹೊಂದಿಸುವವರ ಮುಂದಿರುವ ಸಮಸ್ಯೆಯೂ ಇದೇ.

ನಾಲ್ಕನೆಯದು ಇಲ್ಲದ್ದರ ಎಚ್ಚರ, ಎಲ್ಲಕ್ಕಿಂತ ಮುಖ್ಯವಾದದ್ದು. ಶಾಸನ ಬರೆಸಲು ಅಧಿಕಾರವೋ ಹಣವೋ ಬೇಕಿತ್ತು. ದಾನ ಕೊಟ್ಟವನ ಹೆಸರಿದೆ, ಆ ಗದ್ದೆಯಲ್ಲಿ ನಾಟಿ ಮಾಡಿದವಳ ಹೆಸರಿಲ್ಲ. ತೂಬು ಇಡಿಸಿದವನ ಹೆಸರಿದೆ, ಮಣ್ಣು ಹೊತ್ತವರ ಹೆಸರಿಲ್ಲ. ಯುದ್ಧದಲ್ಲಿ ಸತ್ತವನಿಗೆ ಕಲ್ಲಿದೆ, ಹೆರಿಗೆಯಲ್ಲಿ ಸತ್ತವಳಿಗಿಲ್ಲ. ಉಳಿದ ಕಲ್ಲುಗಳೂ ಒಂದು ಸೋಸುವಿಕೆಯಿಂದ ಪಾರಾದವು. ದೇವಾಲಯದ ಗೋಡೆಗೆ ಸೇರಿದ್ದು ಉಳಿಯಿತು. ಹೊಲದ ಬದುವಿನಲ್ಲಿದ್ದದ್ದು ರಸ್ತೆ, ಮನೆ, ಚರಂಡಿಗಳ ಕೆಲಸದಲ್ಲಿ ಒಡೆದುಹೋಯಿತು. ಉಳಿದದ್ದನ್ನು ಮಾತ್ರ ನೋಡಿ ಹಳೆಯ ಬದುಕೆಲ್ಲ ದೇವಾಲಯದ ಸುತ್ತಲೇ ಇತ್ತು ಎಂದರೆ, ಅದು ಉಳಿಕೆಯ ಕಥೆಯಾಗುತ್ತದೆಯೇ ಹೊರತು ಊರಿನ ಕಥೆಯಾಗುವುದಿಲ್ಲ.

ಚಿತ್ರವೂ ದಾಖಲೆ

ಬನಶಂಕರಿಗೆ ಉತ್ತರದಲ್ಲಿರುವ ಗವಿಪುರದ ಗವಿ ಗಂಗಾಧರೇಶ್ವರ ಗುಹಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಸೇರುತ್ತಾರೆ. ಈ ದೇವಾಲಯದ ಖಗೋಳ ಮಹತ್ವವನ್ನು ಜವಾಹರಲಾಲ್ ನೆಹರು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಅಧ್ಯಯನ ಮಾಡಿ 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1792ರಲ್ಲಿ ಬೆಂಗಳೂರಿಗೆ ಬಂದಿದ್ದ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಅವರ ಚಿತ್ರಗಳೂ ಅವರಿಗೆ ನೆರವಾದವು. ಹಳೆಯ ಚಿತ್ರವನ್ನು ಇಂದಿನ ಕಟ್ಟಡದೊಡನೆ ಹೋಲಿಸಿದಾಗ ನಂತರ ಎದ್ದ ಗೋಡೆ, ಮಂಟಪಗಳು ಬೆಳಕಿನ ದಾರಿಯನ್ನು ಬದಲಿಸಿವೆ ಎಂಬುದು ಗೊತ್ತಾಯಿತು. ಶಾಸನಗಳಲ್ಲಿರುವ ಗ್ರಹಣ, ಸಂಕ್ರಾಂತಿಗಳ ಉಲ್ಲೇಖಗಳನ್ನು ಶೈಲಜಾ ಮತ್ತು ಗೀತಾ ಕೈದಾಳ ಗಣೇಶ ಮುಂದೆ ಒಂದು ಪುಸ್ತಕವಾಗಿ ಸಂಗ್ರಹಿಸಿದರು. ಖಗೋಳಶಾಸ್ತ್ರ, ಕಲೆಯ ಇತಿಹಾಸ, ಹಳಗನ್ನಡ ಮೂರೂ ಒಂದೇ ಮೇಜಿನ ಸುತ್ತ ಕುಳಿತಾಗ ಮಾತ್ರ ಇಂಥ ಕೆಲಸ ಸಾಧ್ಯ.

ಗಣಕದ ಕಾಲ

ಭಾರತದಲ್ಲಿ ಶಾಸನದ ಓದಿಗೆ ಗಣಕಯಂತ್ರವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ ಮೊದಲಿಗರಲ್ಲಿ ಐರಾವತಂ ಮಹಾದೇವನ್ ಒಬ್ಬರು. ಸಿಂಧೂ ಲಿಪಿಯ ಚಿಹ್ನೆಗಳ ಅವರ ಅಕಾರಾದಿ ಮತ್ತು ಕೋಷ್ಟಕಗಳು 1977ರಲ್ಲಿ ಪ್ರಕಟವಾದವು. ಜಯನಗರದ ಮೊದಲ ಬ್ಲಾಕಿನಲ್ಲಿ 1990ರ ದಶಕದ ಕೊನೆಯಿಂದ ಕೆಲಸ ಮಾಡಿದ ಸಂಸ್ಕೃತಿ ಮತ್ತು ಸಮಾಜ ಅಧ್ಯಯನ ಕೇಂದ್ರ ಸಂಸ್ಕೃತಿ ಅಧ್ಯಯನದಲ್ಲಿ ಸಂಶೋಧಕರನ್ನು ತಯಾರು ಮಾಡಿತು, ಭಾರತೀಯ ಸಿನಿಮಾ ಕುರಿತ ಬರಹಗಳ ಡಿಜಿಟಲ್ ಸಂಗ್ರಹವೊಂದನ್ನು ಕಟ್ಟಿತು. 2010ರ ದಶಕದಲ್ಲಿ ಕನ್ನಡದ ಯುವ ತಂತ್ರಜ್ಞರ ಬಳಗವೊಂದು ‘ವಚನ ಸಂಚಯ’ವನ್ನು ರೂಪಿಸಿ 20,000ಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕುವಂತೆ ಮಾಡಿತು. ಒಂದು ಪದ ಯಾವ ವಚನಕಾರರಲ್ಲಿ ಎಷ್ಟು ಸಲ ಬರುತ್ತದೆ ಎಂಬುದು ಈಗ ಕ್ಷಣದಲ್ಲಿ ತಿಳಿಯುತ್ತದೆ; ಏಕೆ ಬರುತ್ತದೆ ಎಂಬುದಕ್ಕೆ ಮಾತ್ರ ವಚನವನ್ನು ಓದಲೇಬೇಕು.

ಬೆಂಗಳೂರಿನ ಕಲ್ಲುಗಳತ್ತ ಮತ್ತೆ ಗಮನ ಸೆಳೆದದ್ದು ನಾಗರಿಕರ ಆಸಕ್ತಿ. ರೈಸ್ ಸಂಪುಟವನ್ನು ಕೈಯಲ್ಲಿ ಹಿಡಿದು ಒಂದೊಂದು ಊರಿಗೆ ಹೋಗಿ ಕಲ್ಲು ಇನ್ನೂ ಇದೆಯೇ ಎಂದು ನೋಡುವ ಕೆಲಸವನ್ನು ಹವ್ಯಾಸಿಗಳು ಶುರುಮಾಡಿದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣಾ ಯೋಜನೆಯನ್ನು ನಡೆಸುತ್ತಿದೆ. ಕಲ್ಲಿನ ಮೇಲ್ಮೈಯನ್ನು ಬೆಳಕಿನ ಸ್ಕ್ಯಾನರಿನಿಂದ ಅಳೆದು ಗಣಕದಲ್ಲಿ ಕೂಡಿಟ್ಟರೆ ಕಣ್ಣಿಗೆ ಕಾಣದಷ್ಟು ಸವೆದ ಗೆರೆಗಳೂ ಮೂಡಿಬರುತ್ತವೆ. ಹಿಂದೆ ತಪ್ಪಾಗಿ ಓದಿದ್ದನ್ನು ತಿದ್ದಲು ಅವಕಾಶವಾಗುತ್ತದೆ. ಬೇರೆ ಬೇರೆ ಕಾಲದ ಅಕ್ಷರರೂಪಗಳನ್ನು ಶಾಸನಗಳಿಂದಲೇ ಬಿಡಿಸಿ ಜೋಡಿಸಿದ ‘ಅಕ್ಷರ ಭಂಡಾರ’ ಎಂಬ ತಂತ್ರಾಂಶವೂ ಈ ಯೋಜನೆಯಿಂದ ಹೊರಬಂದಿದೆ. ಪಡಿಯಚ್ಚಿನಿಂದ ಸ್ಕ್ಯಾನಿನವರೆಗೆ ಉಪಕರಣ ಬದಲಾಗಿದೆ. ಅಕ್ಷರವನ್ನು ಗುರುತಿಸುವ, ಪದವನ್ನು ಬಿಡಿಸುವ, ಕಾಲವನ್ನು ತೂಗುವ ಕೆಲಸ ಇಂದಿಗೂ ಹಳಗನ್ನಡ ಬಲ್ಲವರದೇ.

ತರಗತಿಗೆ ಬರಬೇಕಾದದ್ದು

ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ತರಗತಿಗಳು, ನರಸಿಂಹರಾಜ ಕಾಲೊನಿಯ ಬಿ.ಎಂ.ಶ್ರೀ ಸ್ಮಾರಕ ಪ್ರತಿಷ್ಠಾನದ ಹಸ್ತಪ್ರತಿ ಸಂಗ್ರಹ ದಕ್ಷಿಣ ಬೆಂಗಳೂರಿನ ವಿದ್ಯಾರ್ಥಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿವೆ. ಇದೇ ಪ್ರದೇಶದ ಕಾಲೇಜುಗಳಲ್ಲಿ ಸಾವಿರಾರು ಮಂದಿ ದತ್ತಾಂಶ ವಿಜ್ಞಾನ ಕಲಿಯುತ್ತಿದ್ದಾರೆ. ಕೋಷ್ಟಕ ಕಟ್ಟುವುದು, ಸರಾಸರಿ ತೆಗೆಯುವುದು, ನಕ್ಷೆ ಬರೆಯುವುದು ಅವರಿಗೆ ಬರುತ್ತದೆ. ಆ ಅಂಕಿಯನ್ನು ಬರೆಸಿದವರು ಯಾರು, ಯಾವ ಸಂದರ್ಭದಲ್ಲಿ, ಯಾರಿಗಾಗಿ, ಯಾರನ್ನು ಬಿಟ್ಟು ಎಂದು ಕೇಳುವ ಅಭ್ಯಾಸ ಬರುವುದು ಇತಿಹಾಸ ಮತ್ತು ಭಾಷೆಯ ಓದಿನಿಂದ. ಇವೆರಡು ಕಲಿಕೆಗಳನ್ನು ಬೇರೆ ಬೇರೆ ಕಟ್ಟಡಗಳಲ್ಲಿ ಇಟ್ಟದ್ದರಿಂದ ನಷ್ಟವಾಗಿರುವುದು ಎರಡಕ್ಕೂ.

ಇದನ್ನು ಸರಿಪಡಿಸಲು ದೊಡ್ಡ ಹಣ ಬೇಕಿಲ್ಲ. ಒಂದು ತರಗತಿ ಬೇಗೂರು, ಅಗರ, ಮಡಿವಾಳಗಳ ಶಾಸನಗಳನ್ನು ಸಂಪುಟದಿಂದ ಓದಲಿ. ಸ್ಥಳಕ್ಕೆ ಹೋಗಿ ಕಲ್ಲನ್ನು ನೋಡಲಿ. ಊರು, ವ್ಯಕ್ತಿ, ಕೆರೆ, ಕಾಲ, ಭಾಷೆಗಳ ಕೋಷ್ಟಕ ಮಾಡಲಿ. ಪ್ರತಿ ಕಾಲಂನಲ್ಲಿ ನಿಶ್ಚಯ ಯಾವುದು, ಅಂದಾಜು ಯಾವುದು ಎಂದು ಗುರುತಿಸಲಿ. ಕೊನೆಗೆ ಆ ಕೋಷ್ಟಕದಲ್ಲಿ ಯಾರಿಲ್ಲ ಎಂದು ಒಂದು ಪುಟ ಬರೆಯಲಿ. ಕನ್ನಡ, ಇತಿಹಾಸ, ಸಂಖ್ಯಾಶಾಸ್ತ್ರ, ಗಣಕ ವಿಜ್ಞಾನದ ಅಧ್ಯಾಪಕರು ಒಟ್ಟಾಗಿ ಇದನ್ನು ನಡೆಸಬೇಕು. ಸಂಪುಟಗಳು ಸಿದ್ಧವಾಗಿವೆ, ಕಲ್ಲುಗಳು ಇನ್ನೂ ಕೆಲವು ಉಳಿದಿವೆ. ದಕ್ಷಿಣ ಬೆಂಗಳೂರಿನ ಕಾಲೇಜುಗಳು ಈ ಕೆಲಸವನ್ನು ಮುಂದಿನ ಶೈಕ್ಷಣಿಕ ವರ್ಷದಲ್ಲೇ ಕೈಗೆತ್ತಿಕೊಳ್ಳಬೇಕು.